ಸೊಳ್ಳೆಪರದೆಯೊಳಗಿನ ಸೀಮೆಹಣ್ಣು

ಸೋಮವಾರಪೇಟೆಯ ಗೊಬ್ಬರದಂಗಡಿಯವರು ಈ ವರ್ಷ ಕೊಟ್ಟ ಕ್ಯಾಲೆಂಡರಿನಲ್ಲಿ ದೇವರಿಲ್ಲ. ಲಕ್ಷ್ಮಿ ಇಲ್ಲ, ಸುಬ್ರಹ್ಮಣ್ಯ ಇಲ್ಲ, ಕಡೆಗೆ ಒಂದು ಹಸುವಿನ ಪಟವೂ ಇಲ್ಲ. ತಿಂಗಳಿಗೊಂದರಂತೆ ಹನ್ನೆರಡು ಹಣ್ಣುಗಳಿವೆ. ಅವೂ ಬಾಳೆ, ಹಲಸು, ಕಿತ್ತಳೆಗಳಲ್ಲ. ಯಾವ ಯಾವುದೋ ದೇಶದ, ನಾವು ಹೆಸರೇ ಕೇಳದ ಸಣ್ಣ ಸಣ್ಣ ಹಣ್ಣುಗಳು. ಜನವರಿಯಲ್ಲಿ ಹಿಮ ಬೀಳುವ ಕಡೆಯ ಜವುಗಿನಲ್ಲಿ ಬೆಳೆಯುವ ಹಳದಿ ಹಣ್ಣು. ಫೆಬ್ರವರಿಯಲ್ಲಿ ಕರಡಿಗಳಿಗೆ ಬಲು ಇಷ್ಟವಂತೆ, ಒಂದು ನೀಲಿ ಹಣ್ಣು. ಮಾರ್ಚಿನಲ್ಲಿ ಒಳಗಿನ ಬೀಜವೆಲ್ಲ ಹೊರಗೇ ಕಾಣುವ ಒಂದು ಕೆಂಪು ಗೊಂಚಲು. ನನ್ನ ಸೊಸೆಗೆ ಸಿಟ್ಟು ಬಂದು, "ಬೆಳಿಗ್ಗೆ ಎದ್ದು ಯಾವುದಕ್ಕೆ ಕೈ ಮುಗಿಯೋದು ಅತ್ತೆ, ಈ ಕರಡಿ ಹಣ್ಣಿಗಾ?" ಎಂದಳು. ಆದರೂ ಹಾಲಿನ ಲೆಕ್ಕ ಬರೆಯಲು ದೊಡ್ಡ ದೊಡ್ಡ ಚೌಕಗಳಿವೆ ಎಂದು ಅಡುಗೆಮನೆಯಲ್ಲೇ ತೂಗುಹಾಕಿದಳು.

ಏಪ್ರಿಲ್ ಬಂದ ದಿನ ನನ್ನ ಮೊಮ್ಮಗಳು ಹಾಳೆ ತಿರುವಿ, "ಅಜ್ಜೀ, ನೋಡಿಲ್ಲಿ, ರಾಸ್‌ಬೆರಿ! ಇದೆಲ್ಲ ನಮ್ಮಲ್ಲಿ ಎಲ್ಲಿ ಸಿಗ್ಬೇಕು, ಅಲ್ವಾ?" ಎಂದಳು.

"ನಾನು ತಿಂದಿದ್ದೇನೆ," ಎಂದೆ.

"ಯಾವಾಗ?"

"ಒಂಬತ್ತು ವರ್ಷದವಳಿದ್ದಾಗ. ಬಂಗ್ಲೆಯಲ್ಲಿ. ಸೊಳ್ಳೆಪರದೆಯೊಳಗೆ ಕೂತುಕೊಂಡು."

ಮೊಮ್ಮಗಳು ತಾಯಿಯ ಮುಖ ನೋಡಿದಳು. ತಾಯಿ 'ಅಜ್ಜಿಗೆ ವಯಸ್ಸಾಯಿತು' ಎನ್ನುವ ಮುಖ ಮಾಡಿದಳು. ಈ ಮನೆಯಲ್ಲಿ ನಾನು ಸುಳ್ಳು ಹೇಳಿದಾಗ ಎಲ್ಲರೂ ನಂಬುತ್ತಾರೆ, ನಿಜ ಹೇಳಿದರೆ ಮಾತ್ರೆ ತೆಗೆದುಕೊಂಡ್ರಾ ಎಂದು ಕೇಳುತ್ತಾರೆ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ನೀವಾದರೂ ಮಾತ್ರೆಯ ಸುದ್ದಿ ಎತ್ತಬೇಡಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ನಾನು ಮತ್ತು ನನ್ನ ತಂಗಿ ಪುಟ್ಟಿ ಹಸಿದ ಮನೆಯ ಮಕ್ಕಳಲ್ಲ. ಮೂರು ಹೊತ್ತು ಅಕ್ಕಿರೊಟ್ಟಿಯೋ ಕಡುಬೋ ಅನ್ನವೋ ಗಟ್ಟಿಯಾಗಿ ತಿನ್ನುತ್ತಿದ್ದೆವು. ಆದರೆ ಗಿಡದ ಮೇಲೆ ಏನಾದರೂ ಗುಂಡಗೆ ಕಂಡರೆ ಬಾಯಿಗೆ ಹಾಕದೆ ಮುಂದೆ ಹೋಗುವ ಅಭ್ಯಾಸ ನಮಗಿರಲಿಲ್ಲ. ಗಂಟಲು ಕಟ್ಟುವ ಕುಂಟುನೇರಳೆ, ಸಪ್ಪೆ ಸಿಹಿಯ ಕೇಪುಳ, ಒಂದು ಹಣ್ಣಿಗೆ ಒಂದು ಗೀರು ಚರ್ಮ ಕೇಳುವ ಚೂರಿಮುಳ್ಳಿನ ಹಣ್ಣು, ನಾಲಿಗೆಯನ್ನು ಮೂರು ದಿನ ಮಸಿ ಮಾಡಿಡುವ ನೆಕ್ಕರೆ. ಗುಪ್ಪಟೆ ಹಣ್ಣನ್ನು ತಿನ್ನುವ ಮೊದಲು ಅದರ ಉಬ್ಬಿದ ಸಿಪ್ಪೆಯನ್ನು ಪುಟ್ಟಿಯ ಹಣೆಗೆ ಟಪ್ ಎಂದು ಒಡೆಯಬೇಕು. ಹಾಗೆ ಒಡೆಯದಿದ್ದರೆ ಹಣ್ಣು ಕಹಿಯಾಗುತ್ತದೆ ಎಂದು ನಾನೇ ಒಂದು ಶಾಸ್ತ್ರ ಮಾಡಿದ್ದೆ. ಪಾಪ, ಅವಳು ಹತ್ತು ವರ್ಷದವರೆಗೂ ಅದನ್ನು ನಂಬಿ ಹಣೆ ಒಡ್ಡುತ್ತಿದ್ದಳು.

ಇವೆಲ್ಲಕ್ಕೂ ಮೇಲೆ ಮುಳ್ಳುಹಣ್ಣು. ಅಪ್ಪ ಕೆಲಸಕ್ಕಿದ್ದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಸಾಲುಮನೆಗಳ, ಅಂದರೆ ಲೈನುಗಳ, ಹಿಂದೆ ಮರಗಳಿಲ್ಲದ ಒಂದು ಗುಡ್ಡೆಯಿತ್ತು, ಅದರ ಮೈಯೆಲ್ಲ ಮುಳ್ಳಿನ ಪೊದೆ. ಬೇಸಿಗೆಯ ಹೂಮಳೆ ಬಿದ್ದು ಕಾಫಿ ಹೂವು ಉದುರುವ ಹೊತ್ತಿಗೆ ಅದರ ತುಂಬ ಕರ್ರಗಿನ ಹಣ್ಣು. ಒಂದೊಂದೂ ಸಣ್ಣ ಸಣ್ಣ ಮಣಿಗಳನ್ನು ಪೋಣಿಸಿ ಮಾಡಿದ ಟೋಪಿ. ಮೆಲ್ಲಗೆ ಎಳೆದರೆ ತೊಟ್ಟಿನ ತುದಿಯಲ್ಲಿ ಬಿಳಿಯ ಗೂಟವೊಂದು ಉಳಿದು ಟೋಪಿ ಕೈಗೆ ಬರುತ್ತದೆ, ಒಳಗೆ ಟೊಳ್ಳು. ಹತ್ತು ಬೆರಳಿಗೂ ಒಂದೊಂದು ತೊಡಿಸಿ, ಅಮ್ಮನ ಮುಂದೆ ಕೈ ಆಡಿಸಿ ಹೆದರಿಸಿ, ಆಮೇಲೆ ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದನ್ನೇ ತಿನ್ನುತ್ತಿದ್ದೆವು. ಈ ಟೋಪಿ ಮತ್ತು ಗೂಟದ ಸಂಗತಿಯನ್ನು ಸ್ವಲ್ಪ ನೆನಪಿಡಿ.

ನಮ್ಮಪ್ಪ ಮಾದಾಪುರದ ಮೇಲಿನ ಒಂದು ಇಂಗ್ಲಿಷ್ ದೊರೆಯ ಎಸ್ಟೇಟಿನಲ್ಲಿ ರೈಟರಾಗಿದ್ದರು. ಯಾವ ಆಳು ಬಂದ, ಯಾವ ಆಳು ಬರಲಿಲ್ಲ ಎಂದು ಬರೆಯುವ ಕೆಲಸ. ಅವರಿಗೆ ಪ್ರಾಮಾಣಿಕತೆ ಎನ್ನುವುದು ಕೆಲವರಿಗೆ ಉಬ್ಬಸ ಇದ್ದ ಹಾಗೆ, ಯಾವಾಗ ಕೆರಳುತ್ತದೆಂದು ಹೇಳುವಂತಿಲ್ಲ. ಆಫೀಸಿನ ಪೆನ್ಸಿಲಿನಲ್ಲಿ ನಾನು ಒಮ್ಮೆ ಸ್ಲೇಟಿನ ಕಟ್ಟಿನ ಮೇಲೆ ನನ್ನ ಹೆಸರು ಬರೆದುಕೊಂಡದ್ದಕ್ಕೆ, ಅದನ್ನು ಚಾಕುವಿನಲ್ಲಿ ಕೆರೆದು ತೆಗೆದ ಮಹಾನುಭಾವರು. ಅಮ್ಮ ಹಣೆ ಚಚ್ಚಿಕೊಂಡಿದ್ದರು.

ದೊರೆಸಾನಿಗೆ ಕಾಫಿಯ ಮೇಲೆ ಆಸೆ ಇರಲಿಲ್ಲ, ದೊರೆಯ ಮೇಲೂ ಅಷ್ಟಕ್ಕಷ್ಟೆ. ಅವಳ ಜೀವವೆಲ್ಲ ಬಂಗ್ಲೆಯ ಮುಂದಿನ ತೋಟದಲ್ಲಿ. ಒಂದು ಬೇಸಿಗೆಯಲ್ಲಿ ಅವಳ ತಾಯಿ ಸೀಮೆಯಿಂದ, ಅಂದರೆ ಇಂಗ್ಲೆಂಡಿನಿಂದ, ಒಂದು ಮರದ ಪೆಟ್ಟಿಗೆ ಕಳಿಸಿದಳು. ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಘಾಟಿ ಹತ್ತಿ ಬಂದ ಪೆಟ್ಟಿಗೆ. ಲೈನಿನ ಅರ್ಧ ಜನ ನೋಡಲು ನೆರೆದರು. ತೆರೆದರೆ ಒಳಗೆ ಪಾಚಿಯಲ್ಲಿ ಸುತ್ತಿದ ಆರು ಒಣಕಡ್ಡಿ. "ಇಷ್ಟು ದೂರದಿಂದ ಸೌದೆ ಯಾಕೆ ತರಿಸ್ಕೊಂಡ್ರು?" ಎಂದು ಒಬ್ಬಳು ಕೇಳಿಯೇಬಿಟ್ಟಳು. ದೊರೆಸಾನಿ ಆ ಕಡ್ಡಿಗಳನ್ನು ಎದೆಗೆ ಒತ್ತಿಕೊಂಡು ಕಣ್ಣು ಒರೆಸಿಕೊಂಡಳು. ಅದು ಅವಳ ತವರಿನ ಹಿತ್ತಲಿನ ರಾಸ್‌ಬೆರಿ ಎಂದು ಅಪ್ಪ ನಮಗೆ ಹೇಳಿದರು.

ಕಡ್ಡಿಗಳನ್ನು ಮಾಲಿ ನಿಂಗಜ್ಜನ ಕೈಗೆ ಕೊಟ್ಟಾಯಿತು. ನಿಂಗಜ್ಜ ಕೊಡ್ಲಿಪೇಟೆ ಕಡೆಯವನು. ನೆರಳಿನ ಮರ ಸವರುವಾಗ ಮೇಲಿಂದ ಬಿದ್ದು ಎಡಗಾಲು ಸೊಟ್ಟಗಾಗಿತ್ತು. ಇನ್ನು ತೋಟದ ಕೆಲಸ ಆಗದೆಂದು ಬಂಗ್ಲೆಯ ಹೂಗಿಡಗಳಿಗೆ ನೀರು ಹಾಕಲು ಇಟ್ಟುಕೊಂಡಿದ್ದರು. ಅವನಿಗೂ ಅವನ ಕಾಯಿಲೆಯ ಹೆಂಡತಿಗೂ ಇದ್ದದ್ದು ಲೈನಿನ ಒಂದು ಕೋಣೆ, ಅದೂ ಈ ಕೆಲಸ ಇರುವ ತನಕ. ಅವನಿಗಿಂತ ಮೊದಲಿದ್ದ ಮಾಲಿ ಒಂದು ಗುಲಾಬಿ ಒಣಗಿಸಿದ್ದಕ್ಕೆ ಅದೇ ಸಂಜೆ ಗಂಟು ಕಟ್ಟಬೇಕಾಯಿತು. ಅದೇನು ಮುಚ್ಚಿಟ್ಟ ವಿಷಯವಲ್ಲ, ದೊರೆಸಾನಿ ಕಡ್ಡಿ ಕೊಡುವಾಗಲೇ ನೆನಪು ಮಾಡಿಯೂ ಕೊಟ್ಟಳು.

ಮಳೆಗಾಲಕ್ಕೆ ಹೆದರಿ ದೊರೆಸಾನಿ ಬೆಂಗಳೂರಿಗೆ ಹೋದಳು. ಮಳೆ ನಿಂತ ಮೇಲೆ ಬಂದು ನೋಡಿದರೆ ಆರು ಕಡ್ಡಿಯ ಜಾಗದಲ್ಲಿ ಆರು ಪೊದೆ! ಅವಳು ನಿಂಗಜ್ಜನ ಕೈ ಹಿಡಿದು ಕುಲುಕಿದಳಂತೆ. ಆ ಕೈಯನ್ನು ಏನು ಮಾಡಬೇಕೆಂದು ತೋಚದೆ ಅವನು ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ್ದನ್ನು ನಾನೇ ನೋಡಿದ್ದೇನೆ. ಮರುಬೇಸಿಗೆಗೆ ಅದರಲ್ಲೊಂದು ಗಿಡ ಕಾಯಿ ಬಿಟ್ಟಿತು. ಹಕ್ಕಿಗಳು ತಿಂದಾವೆಂದು ದೊರೆಸಾನಿ ತನ್ನ ಮಂಚದ ಸೊಳ್ಳೆಪರದೆ ಬಿಚ್ಚಿ ಗಿಡಕ್ಕೆ ಕಟ್ಟಿದಳು. ರೈಟರ ಮನೆಯಲ್ಲಿ ನಾವು ನಾಲ್ಕು ಜನ ರಾತ್ರಿಯಿಡೀ ಕೆರೆದುಕೊಳ್ಳುತ್ತಿದ್ದೆವು, ಗಿಡ ಮಾತ್ರ ಪರದೆಯೊಳಗೆ ಸುಖವಾಗಿ ನಿದ್ದೆ ಮಾಡುತ್ತಿತ್ತು.

ಹದಿನೇಳು ಹಣ್ಣು. ದಿನಾ ಬೆಳಿಗ್ಗೆ ದೊರೆಸಾನಿ ಬೆರಳು ಮಾಡಿ ಎಣಿಸುತ್ತಿದ್ದಳು. ಹಣ್ಣು ಮಾಗಿ ಕಪ್ಪಾದಾಗ ಅವಳಿಗೆ ಸ್ವಲ್ಪ ಅನುಮಾನ ಬಂತು. ತವರಿನಲ್ಲಿ ಕೆಂಪಗಿರುತ್ತಿತ್ತಂತೆ. ನಿಂಗಜ್ಜ, "ಇಲ್ಲೀ ಬಿಸ್ಲು, ದೊರೆಸಾನಿಯಮ್ಮ," ಎಂದ. ಅವಳು ಸಿಪ್ಪೆ ಸುಲಿದ ತನ್ನ ಮೂಗನ್ನು ಮುಟ್ಟಿ ನೋಡಿಕೊಂಡು ಒಪ್ಪಿದಳು.

ಆ ಶನಿವಾರ ನೀಲಗಿರಿಯಿಂದ ಒಬ್ಬ ಮುದುಕ ದೊರೆ ಚಹಾಕ್ಕೆ ಬರುವವನಿದ್ದ. ಗಿಡಮರಗಳ ದೊಡ್ಡ ಪಂಡಿತ, ಎಲೆ ನೋಡಿದರೆ ಅದರ ಅಜ್ಜನ ಹೆಸರು ಹೇಳುವವನು. ಅವನಿಗೆ ಆ ಹದಿನೇಳನ್ನೂ ಕೆನೆಯ ಜೊತೆ ಕೊಡಬೇಕೆಂದು ದೊರೆಸಾನಿ ಕಾದಿದ್ದಳು. ನಾವು ಅದನ್ನು ಶುಕ್ರವಾರ ಮಧ್ಯಾಹ್ನ ತಿಂದೆವು.

ನೀವು ಹಾಗೆ ನೋಡಬೇಡಿ. ತಿನ್ನಬೇಕೆಂದು ಹೋದದ್ದಲ್ಲ. ದೊರೆ, ದೊರೆಸಾನಿ ಇಬ್ಬರೂ ಪಕ್ಕದ ಎಸ್ಟೇಟಿಗೆ ಹೋಗಿದ್ದರು, ಬಟ್ಲರ್ ಗೊರಕೆ ಹೊಡೆಯುತ್ತಿದ್ದ, ಸೊಳ್ಳೆಪರದೆಯೊಳಗೆ ಕೂರುವುದು ಹೇಗಿರುತ್ತದೆ ಎಂದು ನೋಡಲು ಹೋದೆವು. ಕೂತ ಮೇಲೆ ಒಬ್ಬೊಬ್ಬರು ಒಂದೊಂದನ್ನು ಮುಟ್ಟಿದೆವು. ಮುಟ್ಟಿದ್ದು ಕೈಗೆ ಬಂತು. ಬಂದದ್ದನ್ನು ಇಬ್ಬರೂ ಬಾಯಿಗೆ ಹಾಕಿಕೊಂಡೆವು.

ಪುಟ್ಟಿ ಮೂಗು ಮುರಿದಳು. "ಅಕ್ಕಾ, ಇದು ನಮ್ಮ ಮುಳ್ಳುಹಣ್ಣೇ ಅಲ್ವಾ?"

"ಸುಮ್ನಿರೇ ಪೆದ್ದಿ. ಇದು ಹಡಗಲ್ಲಿ ಬಂದಿದ್ದು."

"ಹಡಗಲ್ಲಿ ಬಂದ್ರೂ ರುಚಿ ಅದೇ."

"ಒಂದು ತಿಂದ್ರೆ ಏನ್ ಗೊತ್ತಾಗುತ್ತೆ? ಇನ್ನೊಂದು ತಿನ್ನು."

ಹೀಗೆ ರುಚಿಯ ವಿಚಾರಣೆ ನಡೆಸುತ್ತ ಹೋದೆವು. ತೀರ್ಪು ಬರುವ ಹೊತ್ತಿಗೆ ಗಿಡದ ಮೇಲೆ ಹದಿನೇಳು ಬಿಳಿ ಗೂಟಗಳು ನಿಂತಿದ್ದವು. ನಾನು ತಿಂದದ್ದು ಎಂಟು, ಪುಟ್ಟಿ ಒಂಬತ್ತು. ಪುಟ್ಟಿ ಇಂದಿಗೂ ಇದನ್ನು ಒಪ್ಪುವುದಿಲ್ಲ, ಕುಟ್ಟ ಊರಿನ ತನ್ನ ಮಗಳ ಮನೆಯಿಂದ ಫೋನ್ ಮಾಡಿ ಜಗಳವಾಡುತ್ತಾಳೆ.

ಗೂಟಗಳನ್ನು ನೋಡಿದಾಗಲೇ ನನಗೆ ನಿಂಗಜ್ಜ ನೆನಪಾದದ್ದು. ಒಂದು ಗುಲಾಬಿಗೆ ಒಬ್ಬ ಮಾಲಿ ಹೋದರೆ ಹದಿನೇಳು ಹಣ್ಣಿಗೆ? ಪುಟ್ಟಿ ಅಳಲು ಶುರು ಮಾಡಿದಳು. "ನಿಂಗಜ್ಜನ್ನ ಓಡಿಸ್ತಾರೆ ಅಕ್ಕಾ. ಅವನಿಗೆ ಕಾಲಿಲ್ಲ." ನನಗೂ ಅಳು ಬರುತ್ತಿತ್ತು, ಆದರೆ ದೊಡ್ಡವಳಾದ್ದರಿಂದ ಅವಳ ಬೆನ್ನಿಗೊಂದು ಬಿಟ್ಟು ಉಪಾಯ ಹುಡುಕಿದೆ. ಗೂಟ ಇದೆ, ಟೋಪಿ ಬೇಕು. ಟೋಪಿ ಗುಡ್ಡೆಯ ತುಂಬ ಇದೆ!

ಒಂದೇ ಓಟಕ್ಕೆ ಲೈನಿನ ಹಿಂದಿನ ಗುಡ್ಡೆಗೆ ಹೋಗಿ, ಕೆಸುವಿನೆಲೆ ತುಂಬ ಮುಳ್ಳುಹಣ್ಣು ಆರಿಸಿ ತಂದು, ಮತ್ತೆ ಪರದೆಯೊಳಗೆ ನುಗ್ಗಿದೆವು. ಒಂದೊಂದು ಗೂಟಕ್ಕೂ ಒಂದೊಂದು ಟೋಪಿ. ಚಿಕ್ಕವು ಚೆನ್ನಾಗಿ ಕೂತವು. ದೊಡ್ಡವು ಗಾಳಿ ಬೀಸಿದರೆ ಬೀಳುತ್ತಿದ್ದವು. ಅದಕ್ಕೆ ಪುಟ್ಟಿ ಹೋಗಿ ಎಳೆ ಹಲಸಿನಕಾಯಿಯ ತೊಟ್ಟು ಮುರಿದು ಮೇಣ ತಂದಳು. ಜೀರುಂಡೆ ಹಿಡಿಯಲು ಕಡ್ಡಿಗೆ ಮೆತ್ತುತ್ತಿದ್ದೆವಲ್ಲ, ಅದೇ ಮೇಣ. ಗೂಟಕ್ಕೆ ಒಂದು ಚೂರು ಮೆತ್ತಿ ಟೋಪಿ ಒತ್ತಿದರೆ ಮುಗಿಯಿತು, ಬಿರುಗಾಳಿಗೂ ಜಗ್ಗುವುದಿಲ್ಲ.

ಹದಿನಾರು ಕೂರಿಸಿದ್ದೆವು. ಹದಿನೇಳನೆಯದಕ್ಕೆ ಮೇಣ ಮೆತ್ತುತ್ತಿರುವಾಗ ಪರದೆ ಮೇಲೆದ್ದು ನಿಂಗಜ್ಜನ ಮುಖ ಕಾಣಿಸಿತು.

"ಅಯ್ಯೋ ನನ್ನವ್ವಗಳಾ! ಏನ್ರೇ ಮಾಡ್ತಾ ಕುಂತಿದ್ದೀರಿ?"

ಪುಟ್ಟಿ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದಳು. ಜೊತೆಗೆ ನಾನು ಒಂಬತ್ತು ತಿಂದೆ ಎಂಬ ಸುಳ್ಳನ್ನೂ ಸೇರಿಸಿದಳು. ನಿಂಗಜ್ಜ ಹೊಡೆಯುತ್ತಾನೆಂದು ನಾನು ಬೆನ್ನು ಬಾಗಿಸಿ ಕೂತೆ. ಅವನು ಹೊಡೆಯಲಿಲ್ಲ. ಕೆಸುವಿನೆಲೆಯಲ್ಲಿ ಉಳಿದ ಹಣ್ಣನ್ನು ನೋಡಿದ, ಗಿಡದ ಮೇಲಿನ ಹಣ್ಣನ್ನು ನೋಡಿದ. ಆಮೇಲೆ ಸೊಟ್ಟಕಾಲು ಚಾಚಿ ಹುಲ್ಲಿನ ಮೇಲೆ ಕುಸಿದು, ಬಾಯಿಗೆ ಟವೆಲು ಒತ್ತಿಕೊಂಡು ಮೈ ಕುಲುಕಿಸಿ ನಗಲು ಶುರು ಮಾಡಿದ. ಕಣ್ಣಲ್ಲಿ ನೀರು ಸುರಿಯಿತು.

"ಯಾವ ಗುಡ್ಡೆದು ತಂದ್ರಿ?"

"ಲೈನಿನ ಹಿಂದಿನದು."

"ಇದೂ ಅಲ್ಲಿದೇ ಕಣ್ರವ್ವಾ."

ನಮಗೆ ಅರ್ಥವಾಗಲಿಲ್ಲ. ಅವನು ಬಂಗ್ಲೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ: "ಸೀಮೆಯಿಂದ ಬಂದ ಕಡ್ಡಿ ಕಕ್ಕಡ ತಿಂಗ್ಳ ಮಳೆಗೆ ಕೊಳ್ತು ಗೊಬ್ರ ಆದೊ. ಆರಕ್ಕಾರೂವೆ. ಆಯಮ್ಮ ಬೆಂಗ್ಳೂರಲ್ಲಿ. ಬಂದು ನೋಡಿದ್ರೆ ನಂಗೆ ಉಳಿಗಾಲ ಉಂಟಾ? ಈ ಕಾಲಿಟ್ಕೊಂಡು, ಆ ಹೆಂಡ್ರುನ್ನ ಎತ್ಕೊಂಡು ಎಲ್ಲಿಗೆ ಹೋಗ್ಲವ್ವ? ಗುಡ್ಡೆಯಿಂದ ಆರು ಗಿಡ ಕಿತ್ಕಂಬಂದು ನೆಟ್ಟೆ. ಇವತ್ತಿನ ತಂಕ ನಾನೊಬ್ನೇ ಹೆದ್ರುತಿದ್ದೆ. ಇನ್ಮೇಲೆ ಮೂರ್ ಜನ ಹೆದ್ರಣ."

"ನಾನು ಹೇಳ್ಲಿಲ್ವಾ!" ಎಂದು ಪುಟ್ಟಿ ನನ್ನನ್ನು ಚಿವುಟಿದಳು.

"ಯಾರ್ಗೂ ಯೋಳ್ಬ್ಯಾಡಿ ಕಣ್ರವ್ವಾ," ಎಂದ ನಿಂಗಜ್ಜ. ಆಗ ಅವನ ಮುಖದಲ್ಲಿ ನಗು ಇರಲಿಲ್ಲ. ನಾವಿಬ್ಬರೂ ಕಾವೇರಮ್ಮನ ಮೇಲೆ ಆಣೆ ಹಾಕಿದೆವು. ಹದಿನೇಳನೆಯ ಟೋಪಿಯನ್ನು ಅವನೇ ಕೂರಿಸಿದ.

ಮರುದಿನ ಕ್ರೋಟನ್ ಬೇಲಿಯ ಹಿಂದೆ ನಾವಿಬ್ಬರೂ ಹೊಟ್ಟೆ ಅಡಿ ಮಾಡಿ ಮಲಗಿದ್ದೆವು. ಹುಲ್ಲಿನ ಮೇಲೆ ಮೇಜು ಹಾಕಿದ್ದರು. ನೀಲಗಿರಿಯ ಪಂಡಿತ ದೊರೆ ಬಂದು ಕೂತ. ಎಷ್ಟು ಎತ್ತರವೋ ಅಷ್ಟೇ ತೆಳ್ಳಗೆ, ಬಾಯಲ್ಲಿ ಹೊಳೆಯುವ ಕಟ್ಟಿಸಿದ ಹಲ್ಲು. ದೊರೆಸಾನಿ ಸೊಳ್ಳೆಪರದೆ ಬಿಚ್ಚಿ, ಪುಟ್ಟ ಕತ್ತರಿಯಲ್ಲಿ ಹಣ್ಣುಗಳನ್ನು ತೊಟ್ಟು ಸಮೇತ ಕತ್ತರಿಸಿ ಗಾಜಿನ ಬಟ್ಟಲಿಗೆ ಹಾಕಿದಳು. ಕೈಯಲ್ಲಿ ಎಳೆಯದೆ ಕತ್ತರಿ ತಂದಳಲ್ಲ ಎಂದು ನಾನು ಎಲ್ಲ ದೇವರಿಗೂ ಕೈ ಮುಗಿದೆ. ನಿಂಗಜ್ಜ ನೀರಿನ ಕ್ಯಾನು ಹಿಡಿದು ಒಂದೇ ಗಿಡಕ್ಕೆ ಹತ್ತು ನಿಮಿಷದಿಂದ ನೀರು ಹಾಕುತ್ತಿದ್ದ.

ಮೊದಲು ದೊರೆಸಾನಿ ಒಂದನ್ನು ಬಾಯಿಗಿಟ್ಟಳು. ಅದೃಷ್ಟಕ್ಕೆ ಅವಳಿಗೆ ಸಿಕ್ಕಿದ್ದು ಚಿಕ್ಕದು, ಮೇಣ ಇಲ್ಲದ್ದು. ಕಣ್ಣು ಮುಚ್ಚಿ ಮೆಲ್ಲಗೆ ಅಗಿದಳು. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು. ಏನೋ ಹೇಳಿದಳು, ಅದರಲ್ಲಿ ನನಗೆ ಗೊತ್ತಾದದ್ದು 'ಮದರ್' ಎಂಬ ಒಂದೇ ಮಾತು. ನಗಲು ರೆಡಿಯಾಗಿದ್ದ ನನಗೆ ಯಾಕೋ ನಗು ಬರಲಿಲ್ಲ. ಲೈನಿನ ಹಿಂದಿನ ಗುಡ್ಡೆಯ ಹಣ್ಣು ಒಬ್ಬಳನ್ನು ತವರಿಗೆ ಮುಟ್ಟಿಸಿತಲ್ಲ ಎಂದು ಸಂಕಟವೂ ಆಯಿತು, ಸ್ವಲ್ಪ ಜಂಬವೂ ಆಯಿತು.

ಆಮೇಲೆ ಬಟ್ಟಲನ್ನು ಪಂಡಿತ ದೊರೆಯ ಮುಂದೆ ಸರಿಸಿದಳು. ಅವನು ಒಂದನ್ನು ಎತ್ತಿ, ಕನ್ನಡಕದ ಹತ್ತಿರ ಹಿಡಿದು, ಹುಬ್ಬು ಗಂಟು ಹಾಕಿದ. ನಿಂಗಜ್ಜನ ಕ್ಯಾನಿನಿಂದ ನೀರು ಗಿಡ ಬಿಟ್ಟು ಅವನ ಕಾಲ ಮೇಲೇ ಬೀಳತೊಡಗಿತು. ಪಂಡಿತ ಹಣ್ಣನ್ನು ಬಾಯಿಗೆ ಹಾಕಿದ. ಇನ್ನೊಂದು ಹಾಕಿದ. ಸಂಶಯ ನಿವಾರಣೆಗೆ ಮತ್ತೆರಡು ದೊಡ್ಡವನ್ನು ಒಟ್ಟಿಗೇ ಹಾಕಿದ. ಮಾತಾಡಲು ಬಾಯಿ ತೆರೆಯಹೋದ, ಬಾಯಿ ತೆರೆಯಲಿಲ್ಲ. ಹಲಸಿನ ಮೇಣ ತನ್ನ ಕೆಲಸ ಮಾಡಿತ್ತು. ಮೇಲಿನ ಹಲ್ಲಿನ ಸಾಲು ಕೆಳಗಿನ ಸಾಲನ್ನು ಹಿಡಿದುಕೊಂಡು ಬಿಡಲೊಲ್ಲದು.

"ಎಂಥಾ ಹಣ್ಣು, ಅಲ್ಲವಾ?" ಎಂದು ದೊರೆಸಾನಿ ಕೇಳಿರಬೇಕು. ಪಂಡಿತ, "ಮ್!" ಎಂದ.

"ನಮ್ಮ ತವರಿನದೇ, ಅಲ್ಲವಾ?"

"ಮ್! ಮ್ಮ್ಮ್!" ಎಂದು ಅವನು ತಲೆ ಜೋರಾಗಿ ಆಡಿಸಿದ, ಕೈ ಬೀಸಿದ, ಕಣ್ಣು ಅಗಲಿಸಿದ. ದೊರೆಸಾನಿ ಸಂತೋಷದಿಂದ ಚಪ್ಪಾಳೆ ತಟ್ಟಿದಳು. ಪುಟ್ಟಿ ಮಣ್ಣಿಗೆ ಮುಖ ಒತ್ತಿ ನಗುತ್ತಿದ್ದಳು, ಅವಳ ಜಡೆ ಮೇಲೂ ಕೆಳಗೂ ಹಾರುತ್ತಿತ್ತು. ಪಂಡಿತ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಬಂಗ್ಲೆಯೊಳಗೆ ಓಡಿದ. ನಿಂಗಜ್ಜ ಅಡುಗೆಮನೆಯ ಕಡೆ ಕುಂಟುತ್ತ ಓಡಿ ಕೊಬ್ಬರಿ ಎಣ್ಣೆಯ ಬಾಟ್ಲಿ ಕಳಿಸಿಕೊಟ್ಟ.

ಮುಕ್ಕಾಲು ಗಂಟೆ ಬಿಟ್ಟು ಬಂದ ಪಂಡಿತನ ಗಲ್ಲವೆಲ್ಲ ಎಣ್ಣೆ. ಅವನು ನೇರ ಗಿಡದ ಹತ್ತಿರ ಹೋಗಿ, ಬಗ್ಗಿ, ಎಲೆ ತಿರುವಿ ನೋಡಿ, ನಿಂಗಜ್ಜನ ಕಡೆ ತಿರುಗಿದ. ಅವನು ಇವನನ್ನು ನೋಡಿದ, ಇವನು ಅವನ ಬೂಟನ್ನು ನೋಡಿದ. ಆಮೇಲೆ ಪಂಡಿತ, ಮೇಜಿನ ಹತ್ತಿರ ಬಟ್ಟಲನ್ನು ಎದೆಗೆ ಹಿಡಿದು ನಿಂತಿದ್ದ ದೊರೆಸಾನಿಯನ್ನೂ ಒಮ್ಮೆ ನೋಡಿದ. ಗಟ್ಟಿಯಾಗಿ ಕೆಮ್ಮಿ, ಜೇಬಿನಿಂದ ಒಂದು ಚುಟ್ಟಾ ತೆಗೆದು ನಿಂಗಜ್ಜನ ಕೈಗಿಟ್ಟು ಹೊರಟುಹೋದ. ಅವನೂ ಯಾರಿಗೂ ಏನೂ ಹೇಳಲಿಲ್ಲ. ಆವತ್ತಿನಿಂದ ಪಂಡಿತರೆಂದರೆ ನನಗೆ ಗೌರವ.

ಇಲ್ಲಿಗೇ ಮುಗಿದಿದ್ದರೆ ಇದು ನಗೆಯ ಕಥೆಯಾಗುತ್ತಿತ್ತು. ಆದರೆ ದೊರೆಸಾನಿಗೆ ಉತ್ಸಾಹ ಬಂದುಬಿಟ್ಟಿತು. ಬಂಗ್ಲೆಯ ಬೇಲಿಯುದ್ದಕ್ಕೂ ಎರಡು ಸಾಲು ರಾಸ್‌ಬೆರಿ ಹಾಕಬೇಕೆಂದಳು. ಹಾಕಿದ ಮೇಲೆ ಗುಡ್ಡೆಯ ಕಡೆ ಅವಳ ಕಣ್ಣು ಬಿತ್ತು. ಆ ಕಾಡುಮುಳ್ಳು ಅಷ್ಟು ಹತ್ತಿರ ಇರಬಾರದು, ತನ್ನ ಗಿಡದ ಜಾತಿ ಕೆಡುತ್ತದೆ ಎಂದಳು. ನಿಂಗಜ್ಜನಿಗೆ ದೊರೆಯ ಹಳೇ ಕೋಟೊಂದನ್ನು ಬಹುಮಾನ ಕೊಟ್ಟು, ಹತ್ತು ಹೆಣ್ಣಾಳುಗಳ ಮೇಲೆ ಅವನನ್ನೇ ಮೇಸ್ತ್ರಿ ಮಾಡಿ ಗುಡ್ಡೆಗೆ ಕಳಿಸಿದಳು. ಮೊಣಕಾಲಿನ ತನಕ ಬರುವ ಕೋಟು ಹಾಕಿಕೊಂಡು ನಿಂಗಜ್ಜ ಮುಂದೆ ನಿಂತು ಮುಳ್ಳು ಕಡಿಸಿದ. ಒಂದು ವಾರದಲ್ಲಿ ಗುಡ್ಡೆ ನುಣ್ಣಗೆ ಬೋಳಿಸಿದ ತಲೆಯಾಯಿತು. ಆ ವಾರದ ಹಾಜರಿಯನ್ನು ಬರೆದವರು ನಮ್ಮಪ್ಪ.

ಮರುವರ್ಷ ಹೂಮಳೆ ಬಿತ್ತು. ನಾಲಿಗೆ ಗುಡ್ಡೆಯನ್ನು ಕೇಳಿತು, ಗುಡ್ಡೆಯಲ್ಲಿ ಏನೂ ಇಲ್ಲ. ಮುಳ್ಳುಹಣ್ಣು ಬೇಕೆಂದರೆ ಇದ್ದದ್ದು ಒಂದೇ ಕಡೆ, ಬಂಗ್ಲೆಯ ಬೇಲಿ. ಪುಟ್ಟಿಗೆ ಜ್ವರ ಬಂದಿತ್ತು, ಬಾಯಿ ಕಹಿ ಎಂದು ಅಳುತ್ತಿದ್ದಳು. ಅವಳಿಗೆಂದೇ ಹೋದೆ. ಅಂದರೆ ಅವಳಿಗಾಗಿ ಒಂದು ಹಿಡಿ, ನನ್ನ ದಾರಿ ಖರ್ಚಿಗೆ ಒಂದು ಹಿಡಿ.

ಹಿಂದಿನಿಂದ ನನ್ನ ಜಡೆಗೆ ಒಂದು ಕೈ ಬಿತ್ತು. ದೊರೆಸಾನಿ ನನ್ನ ಗಲ್ಲ ಹಿಡಿದೆತ್ತಿ ಬಾಯಿ ನೋಡಿದಳು. ಸಾಕ್ಷಿ ಬೇಕಾಗಿರಲಿಲ್ಲ, ತುಟಿ, ನಾಲಿಗೆ, ಲಂಗ ಎಲ್ಲ ನೇರಳೆ. ಅಪ್ಪನನ್ನು ಕರೆಸಿದಳು. ಅಪ್ಪ ಕಿವಿಯ ಮೇಲಿನ ಪೆನ್ಸಿಲಿನ ಸಮೇತ ಓಡಿ ಬಂದರು.

"ರೈಟರ್, ನಿನ್ನ ಮಗಳು ಕಳ್ಳಿ," ಎಂದಳು ದೊರೆಸಾನಿ. ಅವಳಿಗೆ ಬರುತ್ತಿದ್ದ ಕನ್ನಡವೆಲ್ಲ ಅಪ್ಪಣೆಯ ಕನ್ನಡ, ಎಲ್ಲರಿಗೂ ಏಕವಚನ. "ಇದು ನನ್ನ ಅಮ್ಮನ ಮನೆ ಹಣ್ಣು. ಕೇಳು ಅವಳನ್ನು. ಯಾರ ಹಣ್ಣು ಇದು?"

ಅಪ್ಪನ ಮುಖ ಸತ್ತುಹೋಯಿತು. "ಹೇಳೇ ಲಚ್ಚೂ. ಯಾರ ಹಣ್ಣದು?"

ನಾನು ಸುಮ್ಮನಿರುವ ಹುಡುಗಿಯಲ್ಲ ಎಂದು ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಉತ್ತರ ನನ್ನ ಬಾಯಲ್ಲೇ ಇತ್ತು. ಒಂದೇ ವಾಕ್ಯ. ಹೇಳಿದ್ದರೆ ನಾನು ಕಳ್ಳಿಯಲ್ಲ, ಅಪ್ಪ ತಲೆ ತಗ್ಗಿಸಬೇಕಿಲ್ಲ. ಆದರೆ ದೊರೆಸಾನಿಯ ಹಿಂದೆ ಕತ್ತಿ ಹಿಡಿದು, ಆ ಉದ್ದ ಕೋಟಿನಲ್ಲಿ, ನಿಂಗಜ್ಜ ನಿಂತಿದ್ದ. ಅವನು ಕೈ ಮುಗಿಯಲಿಲ್ಲ, ಕಣ್ಣಲ್ಲಿ ಬೇಡಿಕೊಳ್ಳಲೂ ಇಲ್ಲ. ಸೊಟ್ಟಕಾಲನ್ನು ಇನ್ನೊಂದು ಕಾಲಿನ ಹಿಂದೆ ಬಚ್ಚಿಟ್ಟು ನೆಲ ನೋಡುತ್ತ ನಿಂತ.

"ದೊರೆಸಾನಿಯಮ್ಮಂದು. ನಾನು ಕದ್ದೆ," ಎಂದೆ.

ಅಪ್ಪ ನನಗೆ ಹೊಡೆದರು. ಅದೇ ಮೊದಲು, ಅದೇ ಕೊನೆ. ಹೊಡೆದ ರಭಸಕ್ಕೆ ಕಿವಿಯ ಮೇಲಿನ ಪೆನ್ಸಿಲು ಬಿತ್ತು, ಅದನ್ನು ಹೆಕ್ಕಿಕೊಂಡರು. ಇಂಗ್ಲಿಷಿನಲ್ಲಿ ಸಾರಿ ಹೇಳಿಸಿದರು.

ಮರುದಿನ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋದ ಮೇಲೆ ನಿಂಗಜ್ಜ ನಮ್ಮ ಹಿತ್ತಲಿಗೆ ಬಂದ. ಕೋಟಿನೊಳಗಿಂದ ಒಂದು ಮುಳ್ಳಿನ ಗಿಡ ತೆಗೆದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಟ್ಟು, ಮಣ್ಣು ತಟ್ಟಿದ.

"ನನ್ನ ಅನ್ನ ಉಳಿಸ್ದೆ ಕಣವ್ವಾ," ಎಂದ. "ಇದು ನಿಂದು. ಯಾರ್ ಕೇಳಿದ್ರೂ ನಿಂದೇಯ." ನನ್ನ ಕೆನ್ನೆಯನ್ನು ಮಣ್ಣಿನ ಕೈಯಲ್ಲೇ ಸವರಿ ಹೋದ.

ಸಂಜೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಅಪ್ಪ ಆ ಗಿಡವನ್ನು ನೋಡಿಬಿಟ್ಟರು. ಉಬ್ಬಸ ಕೆರಳಿತು. "ಹಣ್ಣು ಸಾಲದೆ ಗಿಡವನ್ನೇ ಕದ್ದು ತಂದೆಯಾ!" ಅಪ್ಪ ಅದನ್ನು ಬೇರು ಸಮೇತ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ, ಆಫೀಸಿಗೆ ಹೋಗುವ ಕೋಟು ಹಾಕಿಕೊಂಡು ಬಂಗ್ಲೆಗೆ ಹೊರಟರು. ದೊರೆಸಾನಿಯ ಮುಂದೆ ನಿಂತು, "ನಿಮ್ಮ ವಸ್ತು," ಎಂದು ಒಪ್ಪಿಸಿದರಂತೆ. ಅವಳು ಮೆಚ್ಚಿ, ಇಂಥ ಮನುಷ್ಯ ಕೊಡಗಿನಲ್ಲೇ ಇಲ್ಲ ಎಂದಳಂತೆ. ಗಿಡವನ್ನು ಮತ್ತೆ ಬೇಲಿಗೆ ನೆಡಲು ಕರೆದದ್ದು ನಿಂಗಜ್ಜನನ್ನೇ. ಅವನು ಅಪ್ಪನ ಮುಖ ನೋಡದೆ ನೆಟ್ಟನಂತೆ. ಅಪ್ಪನೇ ಇದನ್ನೆಲ್ಲ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದರು, ಹಿಂದಿನ ದಿನದಿಂದ ಕಪ್ಪಿಟ್ಟಿದ್ದ ಅವರ ಮುಖ ತಿಳಿಯಾಗಿತ್ತು.

ಆಮೇಲೆ ನನ್ನನ್ನು ಹತ್ತಿರ ಕರೆದು, ಹೊಡೆದ ಕೆನ್ನೆಯನ್ನು ಮುಟ್ಟಿ ಹೇಳಿದರು: "ಬೇರೆಯವರ ಹಣ್ಣಿಗೆ ಆಸೆ ಪಡಬಾರದು ಮಗಾ. ನಮಗೆ ಗುಡ್ಡೆಯ ಮುಳ್ಳುಹಣ್ಣೇ ಸಾಕು." ಹೇಳಿ ಒಂದು ತುತ್ತು ಉಂಡು, ಕೈ ನಿಲ್ಲಿಸಿ, "ಓ, ಅದನ್ನ ಕಡಿಸಿದೆವಲ್ಲ," ಎಂದರು.

ಅಪ್ಪ ಇರುವ ತನಕ ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಅವರು ಅದನ್ನೂ ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ದೊರೆಸಾನಿಗೆ ಒಪ್ಪಿಸಿ ಬರುತ್ತಿದ್ದರು.